ಹಳೆಯ ಗಣಕಗಳಿಗೆ ತಂತ್ರಾಂಶ ಪರಿಷ್ಕರಣೆಗಳ ನಿರ್ಬಂಧಿತ ಲಭ್ಯತೆ

ತಂತ್ರಾಂಶವೊಂದು ಬಳಕೆಗೆ ಬಂದ ಮೇಲೆ ಅದರಲ್ಲಿ ಕಂಡುಬರುವ ತಪ್ಪುಗಳನ್ನು ಸರಿಪಡಿಸಲು, ಕಳ್ಳದಾರಿಗಳನ್ನು ಮುಚ್ಚಲು ಅಥವಾ ಹೊಸ ಸೌಲಭ್ಯವನ್ನು ಸೇರಿಸಲು ತಯಾರಕರು ಆಗಾಗ ಹೊರಡಿಸುವ ತಿದ್ದುಪಡಿಗಳನ್ನು ಪರಿಷ್ಕರಣೆ ಅಥವಾ ಅಪ್‌ಡೇಟ್ ಎನ್ನುತ್ತಾರೆ. ಇಂಥ ತಿದ್ದುಪಡಿ ತಯಾರಾಗಿದ್ದರೂ ಗಣಕದ ವಯಸ್ಸು, ಬೆಂಬಲದ ಕರಾರು, ಯಂತ್ರಾಂಶದ ಷರತ್ತು ಅಥವಾ ಶುಲ್ಕದ ಕಾರಣದಿಂದ ಹಳೆಯ ಯಂತ್ರ ಬಳಸುವವರ ಕೈಗೆ ಅದು ಸಿಗದಂತಾಗುವ ಸ್ಥಿತಿಯೇ ಈ ಲೇಖನದ ವಿಷಯ. ತಿದ್ದುಪಡಿ ತಯಾರಾಗದೇ ಇರುವುದು ಬೇರೆ, ತಯಾರಾದದ್ದನ್ನು ತಡೆದಿಡುವುದು ಬೇರೆ. ಹಳೆಯ ಗಣಕ ತಾನಾಗಿಯೇ ನಿರುಪಯೋಗಿಯಾಗುತ್ತದೆ ಎಂಬ ಸಾಮಾನ್ಯ ತಿಳಿವಳಿಕೆಯಲ್ಲಿ ಈ ವ್ಯತ್ಯಾಸ ಮರೆಯಾಗಿಬಿಡುವುದರಿಂದ ಅದನ್ನು ಮೊದಲೇ ಗುರುತಿಸಿಕೊಳ್ಳಬೇಕಾಗುತ್ತದೆ.

ಪರಿಷ್ಕರಣೆಗಳಲ್ಲಿ ಅತ್ಯಂತ ಮುಖ್ಯವಾದದ್ದು ಭದ್ರತಾ ಪ್ಯಾಚ್. ಹೊರಗಿನವರು ಗಣಕದೊಳಗೆ ನುಗ್ಗಲು ಅವಕಾಶ ಕೊಡುವ ದೋಷವನ್ನು ಅದು ಮುಚ್ಚುತ್ತದೆ. ಪ್ರಿಂಟರ್, ಸ್ಕ್ಯಾನರ್ ಮುಂತಾದ ಸಾಧನಗಳನ್ನು ಗಣಕಕ್ಕೆ ಪರಿಚಯಿಸುವ ಪುಟ್ಟ ತಂತ್ರಾಂಶಕ್ಕೆ ಡ್ರೈವರ್ ಎಂದೂ, ಯಂತ್ರದ ಚಿಪ್ಪಿನೊಳಗೇ ಕುಳಿತು ಅದನ್ನು ನಡೆಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದೂ ಹೆಸರು. ಇವೆಲ್ಲವನ್ನೂ ಹೊತ್ತು ನಡೆಸುವ ತಳಹದಿ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ. ತಳಹದಿಗೆ ಪರಿಷ್ಕರಣೆ ನಿಂತರೆ ಅದರ ಮೇಲೆ ನಿಂತ ಬ್ರೌಸರ್, ಲೆಕ್ಕದ ತಂತ್ರಾಂಶ, ಅಚ್ಚಿನ ತಂತ್ರಾಂಶಗಳ ಪರಿಷ್ಕರಣೆಯೂ ಸಾಮಾನ್ಯವಾಗಿ ಕೆಲವು ವರ್ಷಗಳಲ್ಲಿ ನಿಲ್ಲುತ್ತದೆ. ಗೂಗಲ್ ಕ್ರೋಮ್ 2016ರಲ್ಲಿ ವಿಂಡೋಸ್ ಎಕ್ಸ್‌ಪಿಯನ್ನೂ, 2023ರ ಫೆಬ್ರವರಿಯಲ್ಲಿ ವಿಂಡೋಸ್ 7ನ್ನೂ ಕೈಬಿಟ್ಟದ್ದು ಇದಕ್ಕೆ ಸಾಕ್ಷಿ.

ಗಡಿನಾಡಿನ ಹಿನ್ನೆಲೆ

ಈ ತಡೆ ಜನಜೀವನವನ್ನು ಹೇಗೆ ತಟ್ಟುತ್ತದೆಂಬುದಕ್ಕೆ ಕನ್ನಡ-ತೆಲುಗು ಗಡಿಸೀಮೆ ಒಂದು ಉದಾಹರಣೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಡಿಗಡ್ಡೆ ಸೀಮೆಯಲ್ಲಿರುವ ಮಲ್ದಕಲ್ ಇಂದು ತೆಲಂಗಾಣದ ಜೋಗುಲಾಂಬ ಗದ್ವಾಲ ಜಿಲ್ಲೆಯ ಒಂದು ಮಂಡಲ ಕೇಂದ್ರ. ಹೈದರಾಬಾದ್ ಸಂಸ್ಥಾನದ ಕಾಲದಿಂದ ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮಹಬೂಬ್‌ನಗರ ಜಿಲ್ಲೆಗೆ ಹೋದವು. ರಾಯಚೂರಿನ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂತು. ಈ ಸೀಮೆಯಲ್ಲೂ ಉತ್ತರಕ್ಕಿರುವ ಮಕ್ತಲ್, ನಾರಾಯಣಪೇಟೆ ಕಡೆಯಲ್ಲೂ ಗಡಿಯ ಎರಡೂ ಬದಿಗೆ ನೆಂಟಸ್ತಿಕೆ, ಹೊಲಮನೆ, ವ್ಯಾಪಾರ ಇರುವ ಕುಟುಂಬಗಳಿಗೆ ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿಯಂಥ ಕೆಲಸಗಳಿಗೆ ಎರಡು ರಾಜ್ಯಗಳ ಗಣಕ ವ್ಯವಸ್ಥೆಗಳು ಬೇಕಾಗುತ್ತವೆ. ಕರ್ನಾಟಕದ ಭೂ ದಾಖಲೆ 2001ರ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಗಣಕಕ್ಕೆ ಏರಿತು. ಅವಿಭಜಿತ ಆಂಧ್ರದಲ್ಲಿ ಸರ್ಕಾರಿ ಸೇವೆಗಳನ್ನು ಒದಗಿಸುವ ಮೀಸೇವಾ ಕೇಂದ್ರಗಳು 2011ರಲ್ಲಿ ಆರಂಭವಾದವು. ತೆಲಂಗಾಣದ ಭೂ ನೋಂದಣಿ 2020ರ ಅಕ್ಟೋಬರ್‌ನಲ್ಲಿ ‘ಧರಣಿ’ ಜಾಲತಾಣಕ್ಕೂ, 2025ರಲ್ಲಿ ‘ಭೂಭಾರತಿ’ಗೂ ವರ್ಗವಾಯಿತು. ಸರ್ಕಾರದ ಜಾಲತಾಣ ಹೊಸದಾದಂತೆಲ್ಲ ಅದನ್ನು ತೆರೆಯುವ ಗಣಕವೂ ಹೊಸ ಬ್ರೌಸರನ್ನು, ಹೊಸ ಬ್ರೌಸರು ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಕೇಳುತ್ತದೆ. ಜನರಿಗೆ ಸೇವೆ ಮುಟ್ಟಿಸುವ ಕೊನೆಯ ಕೊಂಡಿಯಾದ ಮಂಡಲ ಮಟ್ಟದ ಕೇಂದ್ರಗಳಲ್ಲಿ ಯಂತ್ರಗಳನ್ನು ಬದಲಿಸುವ ಖರ್ಚನ್ನು ಬಹುಪಾಲು ಅವನ್ನು ನಡೆಸುವವರೇ ಹೊರುತ್ತಾರೆ.

ಎರಡು ಲಿಪಿಗಳ ಈ ಸೀಮೆಗೆ ವಿಂಡೋಸ್ ಎಕ್ಸ್‌ಪಿ ಒಂದು ವಿಶೇಷ ಮೈಲಿಗಲ್ಲು. ಯೂನಿಕೋಡ್ ಸಂಕೇತ ವ್ಯವಸ್ಥೆಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಮತ್ತು ತೆಲುಗು ಅಕ್ಷರಗಳಿಗೆ ಸ್ಥಾನ ದೊರೆತಿದ್ದರೂ, ವಿಂಡೋಸ್ 2000ದಲ್ಲಿ ಭಾರತೀಯ ಲಿಪಿಗಳ ಪೈಕಿ ದೇವನಾಗರಿ ಮತ್ತು ತಮಿಳಿಗೆ ಮಾತ್ರ ಬೆಂಬಲವಿತ್ತು. 2001ರ ಅಕ್ಟೋಬರ್‌ನಲ್ಲಿ ಬಂದ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ತುಂಗಾ, ತೆಲುಗಿಗೆ ಗೌತಮಿ ಎಂಬ ಫಾಂಟುಗಳು ಒಟ್ಟಿಗೇ ಬಂದವು. ಹಾಗೆ ಬಂದರೂ ಅವು ತಾವಾಗಿ ಮೂಡುತ್ತಿರಲಿಲ್ಲ. ಸಂಯುಕ್ತಾಕ್ಷರಗಳ ಲಿಪಿಗಳಿಗೆ ಬೇಕಾದ ಕಡತಗಳನ್ನು ಎಕ್ಸ್‌ಪಿಯ ಮೂಲ ಸಿ.ಡಿ. ಹಾಕಿ ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕಿತ್ತು, ಆ ಸಿ.ಡಿ. ಇಲ್ಲದೆ ಗಣಕ ಕೊಂಡವರಿಗೆ ಕನ್ನಡ ಒತ್ತಕ್ಷರಗಳು ಚದುರಿಯೇ ಕಾಣುತ್ತಿದ್ದವು. ಭಾರತ ಸರ್ಕಾರ 2010ರ ಜುಲೈನಲ್ಲಿ ಅಂಗೀಕರಿಸಿದ ರೂಪಾಯಿ ಚಿಹ್ನೆಯ ಕಥೆಯೂ ಇಂಥದೇ. ಚಿಹ್ನೆಯನ್ನು ತೋರಿಸುವ ಪರಿಷ್ಕರಣೆಯನ್ನು ವಿಂಡೋಸ್ ತಯಾರಕ ಸಂಸ್ಥೆ ಮೈಕ್ರೋಸಾಫ್ಟ್, ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7ಕ್ಕೆ ಹೊರಡಿಸಿತು. ಎಕ್ಸ್‌ಪಿಗೆ 2009ರ ನಂತರ ಭದ್ರತಾ ಪ್ಯಾಚುಗಳಷ್ಟೇ ಬರುತ್ತಿದ್ದುದರಿಂದ, ಆಗ ದೇಶದ ಕಚೇರಿಗಳಲ್ಲಿ ತುಂಬಿದ್ದ ಆ ವ್ಯವಸ್ಥೆಗೆ ದೇಶದ ನಾಣ್ಯದ ಚಿಹ್ನೆ ಸಿಗಲಿಲ್ಲ.

ಹಳೆಯ ಯಂತ್ರಗಳು ಉಳಿಯುವ ಬಗೆ

ಹಳೆಯ ಗಣಕವನ್ನು ಜನ ಬಡತನದಿಂದ ಅಥವಾ ಉದಾಸೀನದಿಂದ ಇಟ್ಟುಕೊಳ್ಳುತ್ತಾರೆಂಬುದು ಅರ್ಧ ಸತ್ಯ. ಕನ್ನಡದ ಡಿ.ಟಿ.ಪಿ., ಅಂದರೆ ಗಣಕದಲ್ಲೇ ಅಚ್ಚಿನ ಪುಟ ಸಿದ್ಧಪಡಿಸುವ ಕೆಲಸವನ್ನು ನೋಡಿದರೆ ಕಾರಣ ಬೇರೆ ಕಡೆ ಇದೆ. 1990ರ ದಶಕದಿಂದ ಕನ್ನಡದ ಪುಸ್ತಕ, ಪತ್ರಿಕೆ, ಲಗ್ನಪತ್ರಿಕೆ, ಜಾತ್ರೆಯ ಕರಪತ್ರಗಳು ಶ್ರೀಲಿಪಿ, ಆಕೃತಿ, ಪ್ರಕಾಶಕ್, ಬರಹ, ನುಡಿಯಂಥ ತಂತ್ರಾಂಶಗಳಲ್ಲಿ ಸಿದ್ಧವಾಗಿ ಪೇಜ್‌ಮೇಕರ್‌ನಲ್ಲಿ ಪುಟಗಳಾದವು. ಇವುಗಳಲ್ಲಿ 1998ರಲ್ಲಿ ಬಂದ ‘ಬರಹ’ವೂ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯೂ ಜನಸಾಮಾನ್ಯರಿಗೆ ಉಚಿತವಾಗಿ ದೊರೆತು ಕನ್ನಡ ಬೆರಳಚ್ಚನ್ನು ಹಳ್ಳಿಹಳ್ಳಿಗೆ ಒಯ್ದವು. ಆದರೆ ಆ ಕಾಲದ ಫಾಂಟುಗಳು ಯೂನಿಕೋಡ್ ಅಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ ಕಾರಣ, ಅದೇ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮಾತ್ರ ಕಾಣುತ್ತವೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದೇ ಅದರ ಕೊನೆಯ ಮುಖ್ಯ ಆವೃತ್ತಿ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಅಡೋಬಿ ಸಂಸ್ಥೆ ಅದರ ಬದಲಿಗೆ ತಂದ ಇನ್‌ಡಿಸೈನ್‌ನ ಸಿಎಸ್6 ಆವೃತ್ತಿಯವರೆಗೆ ಪೇಜ್‌ಮೇಕರ್ ಕಡತಗಳನ್ನು ತೆರೆಯಬಹುದಿತ್ತು. ಚಂದಾ ಪದ್ಧತಿಯ ಮುಂದಿನ ಆವೃತ್ತಿಗಳಲ್ಲಿ ಆ ಸೌಲಭ್ಯವನ್ನು ತೆಗೆದುಹಾಕಲಾಯಿತು, ಸಿಎಸ್6 ಈಗ ಮಾರಾಟದಲ್ಲಿಲ್ಲ.

ಇದಕ್ಕೆ ಬೀಗದ ತೊಡಕೂ ಸೇರಿತು. ಕೆಲವು ಭಾರತೀಯ ಭಾಷಾ ತಂತ್ರಾಂಶಗಳನ್ನು ಡಾಂಗಲ್ ಎಂಬ ಯಂತ್ರಬೀಗದ ಜೊತೆ ಮಾರುತ್ತಿದ್ದರು. ಗಣಕದ ಹಿಂಬದಿಯ ಪ್ರಿಂಟರ್ ಕಿಂಡಿಗೆ ಅದನ್ನು ಸಿಕ್ಕಿಸದೆ ತಂತ್ರಾಂಶ ನಡೆಯುತ್ತಿರಲಿಲ್ಲ. ಇಂದಿನ ಬಹುಪಾಲು ಗಣಕಗಳಲ್ಲಿ ಆ ಕಿಂಡಿಯೇ ಇಲ್ಲ. ಬೀಗದ ಡ್ರೈವರ್ 32 ಬಿಟ್ ವ್ಯವಸ್ಥೆಗೆ ಬರೆದದ್ದಾದರೆ 64 ಬಿಟ್ ವಿಂಡೋಸ್ ಅದನ್ನು ಒಪ್ಪುವುದಿಲ್ಲ. ಹೀಗೆ ಹಳೆಯ ಕಡತಕ್ಕೆ ಹಳೆಯ ಫಾಂಟ್, ಫಾಂಟಿಗೆ ಹಳೆಯ ತಂತ್ರಾಂಶ, ತಂತ್ರಾಂಶಕ್ಕೆ ಹಳೆಯ ವಿಂಡೋಸ್, ವಿಂಡೋಸಿಗೆ ಹಳೆಯ ಯಂತ್ರ ಎಂದು ಒಂದಕ್ಕೊಂದು ಜೋತುಬಿದ್ದಿವೆ. ಇಪ್ಪತ್ತು ವರ್ಷಗಳ ಪುಸ್ತಕಗಳ ಪುಟಗಳನ್ನು ಇಟ್ಟುಕೊಂಡ ಮುದ್ರಕನೊಬ್ಬ ಎಕ್ಸ್‌ಪಿ ಗಣಕವನ್ನು ಬಿಡದಿರುವುದು ಹಠಮಾರಿತನವಲ್ಲ. ಒಂದು ಭಾಷೆಯ ಅಚ್ಚಿನ ಆಸ್ತಿಯನ್ನು ಅವನು ಕಾಯುತ್ತಿದ್ದಾನೆ. ಪರಿಷ್ಕರಣೆಯ ಬಾಗಿಲು ಮುಚ್ಚಿದಾಗ ಏಟು ಬೀಳುವುದು ಇಂಥವರಿಗೆ.

ಅವಧಿ ಮತ್ತು ಶುಲ್ಕದ ತಡೆ

ಎಕ್ಸ್‌ಪಿಗೆ ಸಾರ್ವಜನಿಕ ಬೆಂಬಲ 2014ರ ಏಪ್ರಿಲ್ 8ರಂದು ಕೊನೆಗೊಂಡಿತು. ಅಂದಿನಿಂದ ಅದಕ್ಕೆ ಪ್ಯಾಚ್ ಬರೆಯುವುದು ನಿಂತಿತೆಂದು ಬಹುಮಂದಿ ತಿಳಿದರು. ವಾಸ್ತವದಲ್ಲಿ ‘ಕಸ್ಟಮ್ ಸಪೋರ್ಟ್’ ಎಂಬ ಪ್ರತ್ಯೇಕ ಒಪ್ಪಂದ ಮಾಡಿಕೊಂಡ ದೊಡ್ಡ ಗ್ರಾಹಕರಿಗೆ ಮೈಕ್ರೋಸಾಫ್ಟ್ ಪ್ಯಾಚುಗಳನ್ನು ಬರೆದು ಕೊಡುತ್ತಲೇ ಇತ್ತು. ಬ್ರಿಟನ್ ಸರ್ಕಾರ ತನ್ನ ಕಚೇರಿಗಳಿಗಾಗಿ ಒಂದು ವರ್ಷದ ಇಂಥ ಒಪ್ಪಂದಕ್ಕೆ ಸುಮಾರು 55 ಲಕ್ಷ ಪೌಂಡ್ ತೆತ್ತಿತು. ಒಂದೇ ದೋಷ, ಒಂದೇ ತಿದ್ದುಪಡಿ. ಹಣ ಕೊಟ್ಟ ಕಚೇರಿಗೆ ರಕ್ಷಣೆ ಸಿಕ್ಕಿತು, ಕೊಡಲಾಗದ ಶಾಲೆ, ಆಸ್ಪತ್ರೆ, ಅಂಗಡಿಗಳಿಗೆ ಸಿಗಲಿಲ್ಲ.

ಈ ಏರ್ಪಾಟಿನ ಅಪಾಯ 2017ರ ಮೇ 12ರಂದು ಎಲ್ಲರ ಕಣ್ಣಿಗೆ ಬಿತ್ತು. ವಾನಾಕ್ರೈ ಎಂಬ ಒತ್ತೆಹಣದ ಕುತಂತ್ರಾಂಶ, ಅಂದರೆ ಗಣಕದ ಕಡತಗಳನ್ನು ಗೂಢಲಿಪಿಯಲ್ಲಿ ಬಂಧಿಸಿ ಬಿಡುಗಡೆಗೆ ಹಣ ಕೇಳುವ ತಂತ್ರಾಂಶ, ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳನ್ನು ಹಿಡಿಯಿತು. ಬ್ರಿಟನ್ನಿನ ಆಸ್ಪತ್ರೆಗಳು ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಭಾರತದಲ್ಲಿ ಆಂಧ್ರಪ್ರದೇಶದ ಕೆಲವು ಪೊಲೀಸ್ ಕಚೇರಿಗಳ ಗಣಕಗಳು ಬಾಧಿತವಾದವು. ವಾನಾಕ್ರೈ ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು, ಆದರೆ ಬೆಂಬಲ ಇರುವ ಆವೃತ್ತಿಗಳಿಗೆ ಮಾತ್ರ. ಎಕ್ಸ್‌ಪಿಯ ಪ್ಯಾಚ್ ಒಪ್ಪಂದದ ಗ್ರಾಹಕರ ವಲಯದೊಳಗೆ ಉಳಿದಿತ್ತು. ದಾಳಿ ಹಬ್ಬಿದ ಮೇಲೆ ಅದನ್ನು ಎಲ್ಲರಿಗೂ ಉಚಿತವಾಗಿ ಬಿಡುಗಡೆ ಮಾಡಲಾಯಿತು. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ಮತ್ತೊಂದು ದೋಷ ಪತ್ತೆಯಾದಾಗ ಸಂಸ್ಥೆ ಈ ಬಾರಿ ದಾಳಿಗೆ ಕಾಯದೆ ಎಕ್ಸ್‌ಪಿಗೂ ಪ್ಯಾಚನ್ನು ಬಹಿರಂಗವಾಗಿ ನೀಡಿತು. ಸಾಂಕ್ರಾಮಿಕ ರೋಗಕ್ಕೆ ಲಸಿಕೆಯನ್ನು ಹಣವಿದ್ದವರಿಗೆ ಮಾತ್ರ ಹಾಕಿದರೆ ಊರು ಉಳಿಯುವುದಿಲ್ಲವೆಂಬ ವಿವೇಕ ಎರಡು ವರ್ಷಗಳಲ್ಲಿ ಮೂಡಿದ್ದು ಇದರಿಂದ ತಿಳಿಯುತ್ತದೆ. ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು: ವಾನಾಕ್ರೈಗೆ ಸಿಲುಕಿದ ಗಣಕಗಳಲ್ಲಿ ಬಹುಪಾಲು ಎಕ್ಸ್‌ಪಿಯವಲ್ಲ, ಉಚಿತ ಪ್ಯಾಚ್ ಲಭ್ಯವಿದ್ದೂ ಹಾಕಿಕೊಳ್ಳದಿದ್ದ ವಿಂಡೋಸ್ 7ರವು. ಬಾಗಿಲು ತೆರೆದಿದ್ದರಷ್ಟೇ ಸಾಲದು. ನಿಧಾನಗತಿಯ ಸಂಪರ್ಕ, ಪರವಾನಗಿ ಇಲ್ಲದ ನಕಲು ಪ್ರತಿ, ಪರಿಷ್ಕರಣೆಯಿಂದ ಹಳೆಯ ಕೆಲಸ ಕೆಟ್ಟೀತೆಂಬ ಭಯ ಇವೂ ಜನರನ್ನು ತಡೆಯುತ್ತವೆ.

ಭಾರತದ ಎ.ಟಿ.ಎಂ.ಗಳಲ್ಲಿ ಬೆಂಬಲ ಮುಗಿದ ಎಕ್ಸ್‌ಪಿ ಇನ್ನೂ ನಡೆಯುತ್ತಿದ್ದುದನ್ನು ಕಂಡ ರಿಸರ್ವ್ ಬ್ಯಾಂಕ್ 2018ರ ಜೂನ್ 21ರ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಗಡುವು ವಿಧಿಸಿತು. ಆ ವರ್ಷದ ಸೆಪ್ಟೆಂಬರ್ ಒಳಗೆ ಕನಿಷ್ಠ ಶೇ. 25, ಡಿಸೆಂಬರ್ ಒಳಗೆ ಶೇ. 50, 2019ರ ಮಾರ್ಚ್ ಒಳಗೆ ಶೇ. 75, ಜೂನ್ ಒಳಗೆ ಎಲ್ಲ ಯಂತ್ರಗಳೂ ಬೆಂಬಲವಿರುವ ವ್ಯವಸ್ಥೆಗೆ ಬರಬೇಕಿತ್ತು. ನಿಯಂತ್ರಕರ ಬಲವಿರುವ ಕ್ಷೇತ್ರದಲ್ಲಿ ಹೀಗೆ ಬದಲಾವಣೆ ಆಗುತ್ತದೆ. ಬೀದಿಬದಿಯ ಜೆರಾಕ್ಸ್ ಅಂಗಡಿಗೆ, ಗ್ರಾಮೀಣ ಶಾಲೆಗೆ ಅಂಥ ಗಡುವೂ ಇಲ್ಲ, ಗಡುವಿನ ಹಿಂದೆ ಬರುವ ಹಣವೂ ಇಲ್ಲ.

ಗುಟ್ಟಿನ ಒಪ್ಪಂದ ಮುಂದೆ ಬಹಿರಂಗ ಬೆಲೆಪಟ್ಟಿಯಾಯಿತು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು ಮುಗಿದಾಗ ‘ವಿಸ್ತೃತ ಭದ್ರತಾ ಪರಿಷ್ಕರಣೆ’ಯನ್ನು ಮೂರು ವರ್ಷ, ವರ್ಷವರ್ಷಕ್ಕೂ ಇಮ್ಮಡಿಯಾಗುವ ದರದಲ್ಲಿ ಮಾರಲಾಯಿತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿದೆ. ಇದಕ್ಕೆ ಸಂಸ್ಥೆಗಳು ಗಣಕವೊಂದಕ್ಕೆ ಮೊದಲ ವರ್ಷ 61 ಡಾಲರ್, ನಂತರ ಪ್ರತಿ ವರ್ಷ ಹಿಂದಿನ ವರ್ಷದ ಇಮ್ಮಡಿ ಕೊಡಬೇಕು; ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಮೂರು ವರ್ಷಗಳಿಗೆ ಕ್ರಮವಾಗಿ 1, 2 ಮತ್ತು 4 ಡಾಲರ್ ಎಂಬ ರಿಯಾಯಿತಿ ಇದೆ. ಮನೆಬಳಕೆಯ ಗ್ರಾಹಕರು ಒಂದು ವರ್ಷದ ರಕ್ಷಣೆಗೆ 30 ಡಾಲರ್ ತೆರಬೇಕು, ಇಲ್ಲವೇ ತಮ್ಮ ಗಣಕದ ಸಿದ್ಧತೆಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಬೇಕು. ಐರೋಪ್ಯ ಆರ್ಥಿಕ ವಲಯದ ಬಳಕೆದಾರರಿಗೆ ಗ್ರಾಹಕ ಸಂಘಟನೆಗಳ ಒತ್ತಾಯದ ನಂತರ ಅದು ಉಚಿತವಾಯಿತು. ಒಂದೇ ತಂತ್ರಾಂಶದ ಒಂದೇ ಪ್ಯಾಚಿಗೆ ದೇಶದ ಗಡಿ ನೋಡಿ ಷರತ್ತು ಬದಲಾಗುವುದಾದರೆ ಆ ಷರತ್ತು ತಾಂತ್ರಿಕ ಅನಿವಾರ್ಯವಲ್ಲ ಎಂಬುದು ಸ್ಪಷ್ಟ.

ವಿಂಡೋಸ್ 11ಕ್ಕೆ ಉಚಿತವಾಗಿ ಏರಬಹುದೆಂಬ ಉತ್ತರ ಹಳೆಯ ಯಂತ್ರಗಳಿಗೆ ಅನ್ವಯಿಸುವುದಿಲ್ಲ. ಅದಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪೂ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಆಮೇಲಿನ ಸಂಸ್ಕಾರಕವೂ ಬೇಕು. ಈ ಷರತ್ತಿನಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಗಣಕಗಳು ಮೂಲೆ ಸೇರಬಹುದೆಂದು ಮಾರುಕಟ್ಟೆ ಸಂಶೋಧನಾ ಸಂಸ್ಥೆ ಕೆನಾಲಿಸ್ 2023ರ ಕೊನೆಯಲ್ಲಿ ಅಂದಾಜಿಸಿತ್ತು.

ಕರಾರಿನ ತಡೆ

ಸರ್ವರ್‌ಗಳ ಲೋಕದಲ್ಲಿ ತಡೆ ಇನ್ನೂ ಬಿಗಿ. ಒರಾಕಲ್ ಸಂಸ್ಥೆ 2010ರ ಜನವರಿಯಲ್ಲಿ ಸನ್ ಮೈಕ್ರೋಸಿಸ್ಟಮ್ಸನ್ನು ಕೊಂಡ ಮೇಲೆ ಅದರ ಸೊಲಾರಿಸ್ ಕಾರ್ಯಾಚರಣ ವ್ಯವಸ್ಥೆಯ ಪ್ಯಾಚುಗಳನ್ನು ಬೆಂಬಲ ಒಪ್ಪಂದ ಇದ್ದವರಿಗೆ ಸೀಮಿತಗೊಳಿಸಿತು. ಹ್ಯೂಲೆಟ್ ಪ್ಯಾಕರ್ಡ್ 2014ರ ಫೆಬ್ರವರಿಯಿಂದ ಪ್ರೊಲಯಂಟ್ ಸರ್ವರ್‌ಗಳ ಫರ್ಮ್‌ವೇರ್ ಪರಿಷ್ಕರಣೆಗಳಿಗೆ ವಾರಂಟಿ ಅಥವಾ ಒಪ್ಪಂದವನ್ನು ಕಡ್ಡಾಯಮಾಡಿತು. ಹಳೆಯ ಸರ್ವರ್ ಕೊಂಡು ಕೆಲಸ ನಡೆಸುವ ಸಣ್ಣ ಕಾಲೇಜು, ಸಹಕಾರಿ ಸಂಘಗಳಿಗೆ ಯಂತ್ರ ಸ್ವಂತದ್ದಾದರೂ ಅದನ್ನು ಸುರಕ್ಷಿತವಾಗಿಡುವ ಕೀಲಿ ಬೇರೆಯವರ ಕೈಯಲ್ಲಿ ಉಳಿಯಿತು.

ಕರ್ನಾಟಕದ ವ್ಯಾಪಾರಿಗಳಿಗೆ ಹೆಚ್ಚು ಪರಿಚಿತವಾದ ಉದಾಹರಣೆ ಬೆಂಗಳೂರಿನ ಟ್ಯಾಲಿ ಸೊಲ್ಯೂಷನ್ಸ್ ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶ. ಅದರ ಪರವಾನಗಿ ಶಾಶ್ವತ, ಆದರೆ ಹೊಸ ಆವೃತ್ತಿಗಳು ಸಿಗಲು ಟಿ.ಎಸ್.ಎಸ್. ಎಂಬ ಚಂದಾ ಜಾರಿಯಲ್ಲಿರಬೇಕು. 2017ರ ಜುಲೈ 1ರಿಂದ ಜಿ.ಎಸ್.ಟಿ. ಜಾರಿಗೆ ಬಂದಾಗ ಅದಕ್ಕೆ ಹೊಂದುವ ಟ್ಯಾಲಿ ಇ.ಆರ್.ಪಿ. 9ರ ಆರನೆಯ ಬಿಡುಗಡೆ ಬೇಕಾದವರು ಮುಗಿದ ಚಂದಾವನ್ನು ನವೀಕರಿಸಿಕೊಳ್ಳಬೇಕಾಯಿತು. ಮುಂದೆ ಬಂದ ಟ್ಯಾಲಿಪ್ರೈಮ್ 64 ಬಿಟ್ ವ್ಯವಸ್ಥೆಯಲ್ಲಿ ಮಾತ್ರ ನಡೆಯುವುದರಿಂದ ಹಳೆಯ 32 ಬಿಟ್ ವಿಂಡೋಸ್ ಇದ್ದವರು ಅದನ್ನೂ ಬದಲಿಸಬೇಕಾಯಿತು. ತಂತ್ರಾಂಶ ಬೆಳೆಸುವ ಸಂಸ್ಥೆಗೆ ಆದಾಯ ಬೇಕೆಂಬುದನ್ನು ಅಲ್ಲಗಳೆಯಲಾಗದು. ಹೊಸ ಸೌಲಭ್ಯಕ್ಕೆ ಬೆಲೆ ಕೇಳುವುದು ನ್ಯಾಯವೇ. ಆದರೆ ಕಾನೂನೇ ಕಡ್ಡಾಯ ಮಾಡಿದ ಬದಲಾವಣೆ ಬಂದಾಗ ರಾಯಚೂರಿನ ಹತ್ತಿ ಮಂಡಿಯ ಅಥವಾ ಗದ್ವಾಲದ ಹತ್ತಿಬೀಜ ವ್ಯಾಪಾರದ ಸಣ್ಣವನಿಗೆ ಆಯ್ಕೆಯೇ ಇರುವುದಿಲ್ಲ.

ಗಣಕಕ್ಕೆ ಜೋಡಿಸುವ, ಬೆರಳ ಗುರುತನ್ನು ಓದುವ ಸಾಧನಗಳಿಗೂ ಈ ತಡೆ ಅನ್ವಯಿಸುತ್ತದೆ. ಆಧಾರ್ ದೃಢೀಕರಣಕ್ಕೆ 2017ರಿಂದ ‘ನೋಂದಾಯಿತ ಸಾಧನ’ಗಳೇ ಆಗಬೇಕು, ಅವುಗಳ ಜೊತೆಗಿನ ಆರ್.ಡಿ. ಸೇವೆ ಎಂಬ ತಂತ್ರಾಂಶವನ್ನು ಅವಧಿ ಮುಗಿದಾಗ ಹಣ ಕೊಟ್ಟು ನವೀಕರಿಸಿಕೊಳ್ಳದಿದ್ದರೆ ಸಾಧನ ಕೆಲಸ ಮಾಡದು. ಬೆರಳ ಗುರುತಿನ ಗೂಢಲಿಪೀಕರಣ ಗಣಕದಲ್ಲಿ ನಡೆಯುವ ಎಲ್0 ದರ್ಜೆಯ ಸಾಧನಗಳ ಬದಲಿಗೆ, ಅದು ಸಾಧನದ ಒಳಗೇ ನಡೆಯುವ ಎಲ್1 ದರ್ಜೆಗೆ ಬದಲಾಗಲು ಆಧಾರ್ ಪ್ರಾಧಿಕಾರ ಸೂಚಿಸಿದ ಮೇಲೆ ಹಳೆಯವು ಪರಿಷ್ಕರಣೆಯಿಂದಲೂ ಉಳಿಯುವಂತಿಲ್ಲ. ಭದ್ರತೆಯ ದೃಷ್ಟಿಯಿಂದ ಈ ಬದಲಾವಣೆ ಸರಿಯಾದದ್ದು.

ದಾರಿಯೇ ಮುಚ್ಚಿಹೋಗುವುದು

ಕೆಲವೊಮ್ಮೆ ತಿದ್ದುಪಡಿ ಇರುತ್ತದೆ, ಯಾರೂ ತಡೆದಿರುವುದಿಲ್ಲ, ಆದರೂ ಹಳೆಯ ಗಣಕ ಅಲ್ಲಿಗೆ ತಲುಪದು. ಕಡತ ನಿಜವಾಗಿ ತಯಾರಕರಿಂದಲೇ ಬಂದದ್ದೆಂದು ಖಚಿತಪಡಿಸುವ ಅಂಕೀಯ ಸಹಿಯ ಲೆಕ್ಕಾಚಾರ ಕಾಲಕ್ಕೆ ತಕ್ಕಂತೆ ಬಲಗೊಳ್ಳುತ್ತಿರುತ್ತದೆ. ಶಾ-1 ಎಂಬ ಹಳೆಯ ಪದ್ಧತಿ ದುರ್ಬಲವೆಂದು ಸಾಬೀತಾದ ಮೇಲೆ ಮೈಕ್ರೋಸಾಫ್ಟ್ 2020ರ ಆಗಸ್ಟ್‌ನಲ್ಲಿ ಆ ಸಹಿಯ ಕಡತಗಳನ್ನು ತನ್ನ ಡೌನ್‌ಲೋಡ್ ಕೇಂದ್ರದಿಂದ ತೆಗೆದು, ಅದನ್ನು ಅವಲಂಬಿಸಿದ ಪರಿಷ್ಕರಣಾ ಸೇವೆಯನ್ನೂ ನಿಲ್ಲಿಸಿತು. ಹೊಸ ಶಾ-2 ಸಹಿಯನ್ನು ವಿಂಡೋಸ್ 7 ಗುರುತಿಸಬೇಕಾದರೆ 2019ರಲ್ಲಿ ಬಂದ ಒಂದು ಪರಿಷ್ಕರಣೆ ಬೇಕು. ಹೊಸದಾಗಿ ವಿಂಡೋಸ್ 7 ಹಾಕಿದ ಗಣಕದಲ್ಲಿ ಅದನ್ನು ಕೈಯಿಂದಲೇ ತಂದು ಸ್ಥಾಪಿಸದೆ ಮುಂದಿನ ಯಾವ ಪರಿಷ್ಕರಣೆಯೂ ಇಳಿಯದು. ಜಾಲತಾಣಗಳ ಗುರುತನ್ನು ಖಾತರಿಪಡಿಸುವ ಮೂಲ ಪ್ರಮಾಣಪತ್ರಗಳೂ ಹೀಗೆ ಅವಧಿ ಮೀರುತ್ತವೆ. 2021ರ ಸೆಪ್ಟೆಂಬರ್ 30ರಂದು ಇಂಥದೊಂದು ಮೂಲ ಪ್ರಮಾಣಪತ್ರ ಮುಗಿದಾಗ ಅದನ್ನು ನಂಬಿದ್ದ ಎಷ್ಟೋ ಹಳೆಯ ಸಾಧನಗಳಿಗೆ ಜಾಲತಾಣಗಳು ತೆರೆಯದಾದವು.

ಮುಕ್ತ ತಂತ್ರಾಂಶದ ಮಾರ್ಗ

ಮೂಲಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದಲ್ಲಿ ತಡೆಯ ಸ್ವರೂಪ ಬೇರೆ. ಕನ್ನಡಿಗರ ನಡುವೆ ಇದರ ದೊಡ್ಡ ಪ್ರಯೋಗ ನಡೆದಿರುವುದು ಕೇರಳದ ಕಾಸರಗೋಡಿನಲ್ಲಿ. ಆ ರಾಜ್ಯದ ‘ಐಟಿ@ಸ್ಕೂಲ್’ ಯೋಜನೆ 2001ರಲ್ಲಿ ಆರಂಭವಾಗಿ ಕೆಲವೇ ವರ್ಷಗಳಲ್ಲಿ ಗ್ನೂ/ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಗೆ ಹೊರಳಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಕೈಟ್ ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನ 14.04, 18.04, 22.04 ಆವೃತ್ತಿಗಳನ್ನು ಶಾಲೆಗಳಿಗೆಂದು ಅಳವಡಿಸಿ ಕೊಟ್ಟಿದೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕಗಳೂ ಕನ್ನಡದಲ್ಲಿ ಬಂದಿವೆ. ಒಂದು ಶಾಲೆಯಲ್ಲಿ ಇಳಿಸಿಕೊಂಡ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಪಕ್ಕದ ಶಾಲೆಗೆ ಕೊಡುವುದು ಇಲ್ಲಿ ಕಾನೂನುಬದ್ಧ. ಪರಿಷ್ಕರಣೆಗೆ ಯಾರ ಪರವಾನಗಿಯೂ ಬೇಡ. ಮಲ್ದಕಲ್, ಮಕ್ತಲ್‌ನಂಥ ಕಡೆಯ ಶಾಲೆಗಳಿಗೂ ಅನುಸರಿಸಬಹುದಾದ ದಾರಿ ಇದು. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಗಣಕದಲ್ಲಿ ಖರ್ಚಿಲ್ಲದೆ ನಡೆಸಬಹುದೆಂಬುದು ಅದರ ಹೆಚ್ಚುಗಾರಿಕೆ. ಕೇಂದ್ರ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಕೂಡ ಭಾರತೀಯ ಭಾಷೆಗಳ ಬೆಂಬಲದೊಂದಿಗೆ ಲಭ್ಯ.

ಆದರೂ ಮುಕ್ತ ಲೋಕ ಪೂರ್ತಿ ನಿರ್ಬಂಧಮುಕ್ತವಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಎಲ್ಲರಿಗೂ ಪರಿಷ್ಕರಣೆ ಬರುತ್ತದೆ; ಮುಂದಿನ ಐದು ವರ್ಷಗಳದ್ದು ‘ಉಬುಂಟು ಪ್ರೊ’ ನೋಂದಣಿಯವರಿಗೆ, ಅದು ವೈಯಕ್ತಿಕ ಬಳಕೆಗೆ ಐದು ಗಣಕಗಳವರೆಗೆ ಮಾತ್ರ ಉಚಿತ. ರೆಡ್ ಹ್ಯಾಟ್ 2020ರ ಡಿಸೆಂಬರ್‌ನಲ್ಲಿ ಉಚಿತ ಲಿನಕ್ಸ್ ವ್ಯವಸ್ಥೆಯಾದ ಸೆಂಟ್‌ಒಎಸ್ 8ರ ಆಯುಷ್ಯವನ್ನು ಒಮ್ಮೆಲೇ 2021ರ ಕೊನೆಗೆ ಮೊಟಕುಗೊಳಿಸಿದಾಗ ಅದನ್ನು 2029ರವರೆಗೆ ನಂಬಿದ್ದವರು ಕಂಗಾಲಾದರು. ಮೂಲಸಂಕೇತ ಬಯಲಲ್ಲಿದ್ದುದರಿಂದ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಎಂಬ ಬದಲಿಗಳು ತಿಂಗಳುಗಳಲ್ಲೇ ಹುಟ್ಟಿಕೊಂಡವು. ಎಕ್ಸ್‌ಪಿ ಬಳಸುವವರಿಗೆ ಇಲ್ಲದ ಅನುಕೂಲ ಇದೇ. ಅತಿ ಹಳೆಯ ಯಂತ್ರಗಳಿಗೆ ಇಲ್ಲಿಯೂ ಜಾಗ ಕಿರಿದಾಗುತ್ತಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿ.ಸಿ.ಗಳಿಗೆ ಸ್ಥಾಪನಾ ಪ್ರತಿ ಇಲ್ಲ.

ಕಾನೂನು

ತಂತ್ರಾಂಶಕ್ಕೆ ಇಷ್ಟು ವರ್ಷ ಪ್ಯಾಚ್ ಕೊಡಲೇಬೇಕೆಂಬ ಸಾಮಾನ್ಯ ಕಾನೂನು ಭಾರತದಲ್ಲಿಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ 2022ರ ಜುಲೈನಲ್ಲಿ ಸಮಿತಿ ರಚಿಸಿ, ಅದೇ ಡಿಸೆಂಬರ್ 24ರಂದು ಜಾಲತಾಣ ತೆರೆಯಿತಾದರೂ ಅದು ಮಾಹಿತಿಯ ಏರ್ಪಾಟು, ಕಟ್ಟುಪಾಡಲ್ಲ. ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ಬಿಡಿಭಾಗ ಮತ್ತು ದೋಷಪತ್ತೆ ಉಪಕರಣಗಳನ್ನು ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ಸಿಗದಂತೆ ತಡೆದ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿದ ಆದೇಶದ ತರ್ಕ ಫರ್ಮ್‌ವೇರ್ ತಡೆಗೂ ಹೊಂದುವಂಥದು. ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ನ್ಯಾಯಬದ್ಧ ಪ್ರತಿ ಉಳ್ಳವರಿಗೆ ಮೀಸಲು ಪ್ರತಿ ಮಾಡಿಕೊಳ್ಳಲು, ಬೇರೆ ತಂತ್ರಾಂಶದೊಡನೆ ಹೊಂದಾಣಿಕೆಗೆ ಅಗತ್ಯವಾದ ಮಾಹಿತಿ ಪಡೆಯಲು ಅವಕಾಶ ಕೊಡುತ್ತದೆ. 2012ರಲ್ಲಿ ಸೇರಿದ 65ಎ ಕಲಮು ಹಕ್ಕುಚ್ಯುತಿಯ ಉದ್ದೇಶದಿಂದ ತಾಂತ್ರಿಕ ಬೀಗ ಮುರಿಯುವುದನ್ನು ಅಪರಾಧವಾಗಿಸಿದೆ. ಐರೋಪ್ಯ ಒಕ್ಕೂಟ ಮಾತ್ರ ಸ್ಪಷ್ಟ ಹೆಜ್ಜೆ ಇಟ್ಟಿದೆ: 2025ರ ಜೂನ್ 20ರಿಂದ ಅಲ್ಲಿ ಸ್ಮಾರ್ಟ್‌ಫೋನುಗಳಿಗೆ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಪರಿಷ್ಕರಣೆ ಕೊಡಬೇಕು, 2027ರ ಡಿಸೆಂಬರ್‌ನಿಂದ ಪೂರ್ಣವಾಗಿ ಅನ್ವಯವಾಗುವ ಸೈಬರ್ ಸ್ಥಿತಿಸ್ಥಾಪಕತ್ವ ಕಾಯ್ದೆ ಇದೇ ತತ್ತ್ವವನ್ನು ಇತರ ಅಂಕೀಯ ಉತ್ಪನ್ನಗಳಿಗೂ ವಿಸ್ತರಿಸುತ್ತದೆ.

ಬಳಕೆಯಲ್ಲಿರುವ ಉಪಾಯಗಳು

ಪರಿಷ್ಕರಣೆ ಸಿಗದ ಗಣಕವನ್ನು ಉಳಿಸಿಕೊಳ್ಳಲೇಬೇಕಾದ ಕಡೆ ಅದನ್ನು ಜಾಲದಿಂದ ಪೂರ್ತಿ ಬಿಡಿಸಿಡುವುದು ಮೊದಲ ರಕ್ಷಣೆ. ಆದರೂ ಪೆನ್‌ಡ್ರೈವ್ ಮೂಲಕ ಸೋಂಕು ಬರಬಹುದಾದ್ದರಿಂದ ಸ್ವಯಂಚಾಲನೆಯನ್ನು ನಿಲ್ಲಿಸಬೇಕಾಗುತ್ತದೆ. ಹೊಸ ಗಣಕದೊಳಗೆ ತಂತ್ರಾಂಶದಿಂದಲೇ ಕಲ್ಪಿತ ಗಣಕವೊಂದನ್ನು ನಿರ್ಮಿಸಿ ಹಳೆಯ ವಿಂಡೋಸನ್ನು ಅದರಲ್ಲಿ ನಡೆಸುವುದು ಡಿ.ಟಿ.ಪಿ. ಕೆಲಸಕ್ಕೆ ಹೆಚ್ಚು ಸೂಕ್ತ, ಡಾಂಗಲ್ ಇದ್ದಲ್ಲಿ ಮಾತ್ರ ಇದು ಕಷ್ಟ. ಕನ್ನಡದ ಮಟ್ಟಿಗೆ ಶಾಶ್ವತ ಬಿಡುಗಡೆ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದರಲ್ಲಿದೆ. ನುಡಿ, ಬರಹ ಫಾಂಟುಗಳ ಪಠ್ಯವನ್ನು ಬದಲಿಸುವ ಮುಕ್ತ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕ ತಂತ್ರಜ್ಞರು ಬರೆದು ಎಲ್ಲರಿಗೂ ತೆರೆದಿಟ್ಟಿದ್ದಾರೆ; ಅರ್ಕಾವೊತ್ತು, ದೀರ್ಘ ಚಿಹ್ನೆ, ಒತ್ತಕ್ಷರಗಳ ಕ್ರಮ ಕೆಲವೆಡೆ ತಪ್ಪುವುದರಿಂದ ಪರಿವರ್ತಿತ ಪಠ್ಯವನ್ನು ಕರಡು ತಿದ್ದುವವರೊಬ್ಬರು ಓದಲೇಬೇಕು. ಪೇಜ್‌ಮೇಕರ್ ಪುಟದಿಂದ ಪಠ್ಯವನ್ನು ಹೊರತೆಗೆಯುವ ಕೆಲಸಕ್ಕೆ ಮಾತ್ರ ಬಹುಮಟ್ಟಿಗೆ ಈಗಲೂ ಪೇಜ್‌ಮೇಕರ್ ಅಥವಾ ಹಳೆಯ ಇನ್‌ಡಿಸೈನ್ ನಡೆಯುವ ಗಣಕ ಬೇಕಾಗುತ್ತದೆ. ಆ ಯಂತ್ರಗಳು ಕೆಡುವ ಮೊದಲು, ಅವುಗಳ ಮೂಲ ಸಿ.ಡಿ., ಸರ್ವಿಸ್ ಪ್ಯಾಕ್ ಮತ್ತು ಡ್ರೈವರುಗಳ ಪ್ರತಿಗಳನ್ನು ಜೋಪಾನವಾಗಿಟ್ಟುಕೊಂಡವರಿಗೆ ಮಾತ್ರ ಅದು ಸಾಧ್ಯ.